ಆರೋಗ್ಯ ವಿಮೆಯ ಬಗೆಗಳು

ಕಳೆದ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ಸಾಮಾಜಿಕ ಭದ್ರತೆಯ ಪಾಠ ನಡೆಯುತ್ತಿದ್ದಾಗ ನಮ್ಮ ಅಧ್ಯಾಪಕರು ಒಂದು ಪ್ರಶ್ನೆ ಕೇಳಿದರು: "ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಆರೋಗ್ಯ ವಿಮೆ ಇದೆ?" ಅರುವತ್ತು ಜನರ ತರಗತಿಯಲ್ಲಿ ಏಳೆಂಟು ಕೈಗಳು ಮೇಲೆದ್ದವು. ನಾನು ಕೈಯೆತ್ತಲಿಲ್ಲ. ಅವರು ಅಷ್ಟಕ್ಕೇ ಬಿಡದೆ, ಮನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿ ಇರುವವರೆಷ್ಟು, ಡೈರಿಗೆ ಹಾಲು ಹಾಕುವವರೆಷ್ಟು, ಅಣ್ಣನೋ ಅಕ್ಕನೋ ಕಾರ್ಖಾನೆಯಲ್ಲಿ ದುಡಿಯುವವರೆಷ್ಟು ಎಂದು ಒಂದೊಂದಾಗಿ ವಿಚಾರಿಸುತ್ತ ಹೋದರು. ನಮ್ಮಲ್ಲಿ ಬಹುಮಂದಿಗೆ ಯಾವುದಾದರೊಂದು ಬಗೆಯ ವಿಮೆ ಇದ್ದೇ ಇದೆಯೆಂದೂ, ಅದು ಇರುವ ಸಂಗತಿಯೇ ನಮಗೆ ತಿಳಿಯದೆಂದೂ ಆಗ ಹೊರಬಿತ್ತು. ನನ್ನ ಮಟ್ಟಿಗೆ ಆ ಪ್ರಶ್ನೆ ಒಂದು ವರ್ಷ ತಡವಾಗಿ ಬಂದಿತ್ತು. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಈ ವಿಷಯವನ್ನು ಕೈಲಾದಮಟ್ಟಿಗೆ ಓದಿ, ಕೇಳಿ ತಿಳಿದುಕೊಂಡಿದ್ದೇನೆ. ತಿಳಿದುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಮೆಯೆಂದರೆ ಏನೆಂಬುದನ್ನು ನಮ್ಮ ಊರಿನವರಿಗೆ ಹೇಳಹೊರಟರೆ ಅವರು ಮೊದಲು ಕೇಳುವ ಮಾತು, "ಕಟ್ಟಿದ ದುಡ್ಡು ವಾಪಸು ಬರುತ್ತದೆಯೋ?" ಎಂದು. ಅವರಿಗೆ ಪರಿಚಯವಿರುವುದು ಚೀಟಿ ವ್ಯವಹಾರ. ಚೀಟಿಯಲ್ಲಿ ಇಪ್ಪತ್ತು ಜನ ಹಣ ಹಾಕಿದರೆ ಇಪ್ಪತ್ತು ಜನರಿಗೂ ಒಂದಲ್ಲ ಒಂದು ತಿಂಗಳು ಅದು ಬರುತ್ತದೆ. ವಿಮೆಯಲ್ಲಿ ಹಾಗಲ್ಲ. ನೂರು ಜನ ಹಣ ಹಾಕುತ್ತಾರೆ. ಆ ವರ್ಷ ಕಾಯಿಲೆ ಬಿದ್ದ ನಾಲ್ವರಿಗೆ ಅದು ಹೋಗುತ್ತದೆ. ಉಳಿದ ತೊಂಬತ್ತಾರು ಜನ ಬರಿಗೈಯಲ್ಲಿ, ಆದರೆ ಆರೋಗ್ಯವಾಗಿ, ಮನೆಗೆ ಹೋಗುತ್ತಾರೆ. ಮುಂದಿನ ವರ್ಷ ಆ ನಾಲ್ವರು ಯಾರೆಂಬುದು ಯಾರಿಗೂ ಗೊತ್ತಿಲ್ಲವಾದುದರಿಂದಲೇ ಈ ಏರ್ಪಾಡು ನಡೆಯುತ್ತದೆ. ಹಣವನ್ನು ಯಾರು ಹಾಕುತ್ತಾರೆ, ಯಾರು ಕೂಡಿಹಾಕುತ್ತಾರೆ, ಯಾವ ಬಾಗಿಲಿನಿಂದ ಬಂದವರಿಗೆ ಕೊಡುತ್ತಾರೆ, ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರ ಬೇರೆಬೇರೆಯಾದಂತೆ ವಿಮೆಯ ಬಗೆಗಳೂ ಬೇರೆಬೇರೆಯಾಗುತ್ತವೆ. ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವ ಐದು ಲಕ್ಷ, ಹತ್ತು ಲಕ್ಷಗಳಿಗಿಂತ ಮೂರನೆಯ ಪ್ರಶ್ನೆಯೇ ದೊಡ್ಡದೆಂದು ನನ್ನ ಅಭಿಪ್ರಾಯ.

ನಮ್ಮ ಬಂಧುಬಳಗದಲ್ಲಿಯೇ ನಾಲ್ಕು ಬಗೆಯ ವಿಮೆಗಳಿವೆ. ಅವನ್ನೇ ಒಂದೊಂದಾಗಿ ನೋಡೋಣ.

ಮೊದಲನೆಯದು ನಮ್ಮ ಅಕ್ಕನದು. ಅಕ್ಕ ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದಲ್ಲಿದ್ದಾಳೆ. ಅವಳು ದುಡಿಯುವುದರಿಂದಲೇ ನಾನು ಓದುತ್ತಿದ್ದೇನೆಂಬುದನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ಅವಳ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ 'ಇ.ಎಸ್.ಐ.' ಎಂದು ಒಂದು ಸಣ್ಣ ಮೊತ್ತ ಮುರಿದುಕೊಂಡಿರುತ್ತದೆ. ಅದನ್ನು ಅವಳು ಬಹುಕಾಲ ದಂಡವೆಂದೇ ತಿಳಿದಿದ್ದಳು. ಅದು ಕಾರ್ಮಿಕರ ರಾಜ್ಯ ವಿಮೆ.

ಈ ಬಗೆಯ ವಿಮೆಗೆ ಮೂಲ ಜರ್ಮನಿಯಲ್ಲಿದೆ. ೧೮೮೩ರಲ್ಲಿ ಬಿಸ್ಮಾರ್ಕನ ಕಾಲದಲ್ಲಿ ಕಾರ್ಮಿಕನೂ ಮಾಲೀಕನೂ ಸೇರಿ ವಂತಿಗೆ ಕೊಡತಕ್ಕ ರೋಗವಿಮೆಯ ಕಾಯಿದೆ ಅಲ್ಲಿ ಜಾರಿಗೆ ಬಂತು. ನಮ್ಮ ದೇಶದಲ್ಲಿ ಪ್ರೊಫೆಸರ್ ಬಿ. ಪಿ. ಅಡರ್ಕರ್ ಅವರು ೧೯೪೪ರಲ್ಲಿ ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿಯೊಂದನ್ನು ಒಪ್ಪಿಸಿದರು. ಅದರ ಆಧಾರದ ಮೇಲೆ ೧೯೪೮ರಲ್ಲಿ ಕಾಯಿದೆಯಾಯಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು. ೨೦೧೯ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ಕಾರ್ಮಿಕನ ಪಾಲು ಕೂಲಿಯ ಶೇಕಡಾ ೦.೭೫, ಮಾಲೀಕನ ಪಾಲು ಶೇಕಡಾ ೩.೨೫. ತಿಂಗಳಿಗೆ ೧೪,೦೦೦ ರೂಪಾಯಿ ಸಂಬಳವಿದ್ದರೆ ಕಾರ್ಮಿಕಳ ಕೈಯಿಂದ ಹೋಗುವುದು ೧೦೫ ರೂಪಾಯಿ. ಮಾಲೀಕನ ಕೈಯಿಂದ ಹೋಗುವುದು ೪೫೫ ರೂಪಾಯಿ. ಸಂಬಳ ೨೧,೦೦೦ ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳದಿರುವ ಮಿತಿ ೨೦೧೭ರಿಂದ ಬಂದಿತು.

ಈ ವಿಮೆಯ ಹಿರಿಮೆ ಯಾವುದೆಂದರೆ, ಇದು ಹಾಸಿಗೆ ಹಿಡಿದವರನ್ನು ಮಾತ್ರ ನೋಡುವುದಿಲ್ಲ. ಜ್ವರ ಬಂದು ಚಿಕಿತ್ಸಾಲಯಕ್ಕೆ ಹೋದವರಿಗೂ ಔಷಧಿ ಕೊಡುತ್ತದೆ. ಕಾಯಿಲೆಯಿಂದ ಕೆಲಸ ತಪ್ಪಿದರೆ, ವಂತಿಗೆಯ ನಿಯಮ ಪೂರೈಸಿದ್ದಲ್ಲಿ, ವರ್ಷಕ್ಕೆ ೯೧ ದಿನಗಳವರೆಗೆ ಕೂಲಿಯ ಶೇಕಡಾ ೭೦ರಷ್ಟನ್ನು ಕೊಡುತ್ತದೆ. ಹೆರಿಗೆಗೆ ೨೬ ವಾರಗಳ ಸಂಬಳ ಸಿಗುತ್ತದೆ. ಬಡವನಿಗೆ ಕಾಯಿಲೆ ಬಂದರೆ ಖರ್ಚು ಹೆಚ್ಚುವುದೊಂದೇ ಅಲ್ಲ, ಸಂಪಾದನೆ ನಿಲ್ಲುವುದೂ ಉಂಟು ಎಂಬುದನ್ನು ಅರಿತು ಮಾಡಿದ ವಿಮೆ ನಾನು ನೋಡಿದ ನಾಲ್ಕರಲ್ಲಿ ಇದೊಂದೇ. ಇದರ ಚಿಕಿತ್ಸಾಲಯಗಳಲ್ಲಿ ಸಾಲು ಉದ್ದವಿರುತ್ತದೆ, ಅರ್ಧ ದಿನದ ರಜೆ ಹೋಗುತ್ತದೆ ಎಂದು ಅಕ್ಕನ ಜೊತೆಯವರು ದೂರುತ್ತಾರೆ. ಅದೂ ನಿಜವೇ. ಆದರೂ ಆದಾಯದ ಮಿತಿಗೆ ಒಳಪಟ್ಟು, ಅವಲಂಬಿತರಾದ ತಂದೆತಾಯಿಗಳ ಹೆಸರನ್ನೂ ಇದರಲ್ಲಿ ಸೇರಿಸಬಹುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನಮ್ಮ ಮನೆಯಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ.

ಎರಡನೆಯದು ನಮ್ಮ ಚಿಕ್ಕಪ್ಪನದು. ಚಿಕ್ಕಪ್ಪ ಬೇರೆ ಮನೆ ಮಾಡಿಕೊಂಡಿದ್ದಾರೆ. ಎರಡು ಹಸು ಕಟ್ಟಿಕೊಂಡು ಹಾಲಿನ ಸಂಘದ ಸದಸ್ಯರಾಗಿದ್ದಾರೆ. ಅವರದು ಯಶಸ್ವಿನಿ. ಇದು ಕರ್ನಾಟಕದಲ್ಲಿಯೇ ಹುಟ್ಟಿದ್ದೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಹೃದಯದ ಶಸ್ತ್ರವೈದ್ಯರಾದ ಡಾ. ದೇವಿ ಶೆಟ್ಟಿಯವರ ಸಲಹೆಯಿಂದ ಮೂಡಿ, ಸಹಕಾರ ಇಲಾಖೆಯ ಆಶ್ರಯದಲ್ಲಿ ೨೦೦೩ರಲ್ಲಿ ಕಾರ್ಯಾರಂಭ ಮಾಡಿದ ಈ ಯೋಜನೆಗೆ ಆಗ ಸದಸ್ಯನೊಬ್ಬ ಕೊಡಬೇಕಾಗಿದ್ದುದು ತಿಂಗಳಿಗೆ ಐದು ರೂಪಾಯಿ, ಅಂದರೆ ವರ್ಷಕ್ಕೆ ಅರುವತ್ತು. ಐದು ರೂಪಾಯಿಗೆ ಹೃದಯದ ಶಸ್ತ್ರಚಿಕಿತ್ಸೆಯೆಂದರೆ ನಂಬುವುದು ಕಷ್ಟ. ಇದರ ಗುಟ್ಟು ಸಂಖ್ಯೆಯಲ್ಲಿದೆ. ಲಕ್ಷಾಂತರ ರೈತರು ಒಟ್ಟಿಗೆ ಸೇರಿದರು, ಶಸ್ತ್ರಚಿಕಿತ್ಸಾ ಕೊಠಡಿಗಳು ಬಿಡುವಾಗಿದ್ದ ಆಸ್ಪತ್ರೆಗಳು ಕಡಮೆ ದರಕ್ಕೆ ಒಪ್ಪಿದವು, ಸರ್ಕಾರವೂ ಕೈಗೂಡಿಸಿತು. ರೈತರು ಸೇರಲು ಹೊಸ ಕಚೇರಿಯನ್ನೇನೂ ತೆರೆಯಬೇಕಾಗಲಿಲ್ಲ. ಊರೂರಿನಲ್ಲಿ ಸಹಕಾರ ಸಂಘಗಳು ಮೊದಲೇ ಇದ್ದವು.

೨೦೧೮ರಲ್ಲಿ ಇದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದರು. ಮತ್ತೆ ೨೦೨೨-೨೩ರಲ್ಲಿ ಪ್ರತ್ಯೇಕವಾಗಿ ಆರಂಭಿಸಿದರು. ಆಗ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ೫೦೦ ರೂಪಾಯಿ, ಪಟ್ಟಣದವರಿಗೆ ೧,೦೦೦ ರೂಪಾಯಿ ಎಂದು ಗೊತ್ತಾಯಿತು. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು. ನೋಂದಣಿಯ ದಿನಗಳು ಮುಗಿದ ಮೇಲೆ ಹಣ ಹಿಡಿದು ಹೋದರೂ ಆ ವರ್ಷಕ್ಕೆ ಪ್ರಯೋಜನವಿಲ್ಲ. ಚಿಕ್ಕಪ್ಪನಿಗೆ ಹರ್ನಿಯಾ ಆದಾಗ ಸಂಘದ ಕಾರ್ಯದರ್ಶಿಯೇ ಯಾವ ಆಸ್ಪತ್ರೆಗೆ ಹೋಗಬೇಕೆಂದು ಬರೆದುಕೊಟ್ಟರು. ಅವರಿಗೆ ಖರ್ಚಾದದ್ದು ಬಸ್ಸಿನ ಚಾರ್ಜು ಮತ್ತು ಊಟದ್ದು. ಚಿಕ್ಕಪ್ಪ ಓದುಬರಹ ಬಲ್ಲವರಲ್ಲ. ಹೇಳುವವರು ಒಬ್ಬರಿದ್ದರು, ಇವರು ಕೇಳಿದರು, ಅಷ್ಟೆ.

ಈಗ ಮೂರನೆಯದಕ್ಕೆ ಬರುತ್ತೇನೆ. ಇದು ನಮ್ಮ ಅಪ್ಪನದು. ರಾಜ್ಯದ ಬಹುಸಂಖ್ಯಾತ ಬಡ ಕುಟುಂಬಗಳದು ಕೂಡ. ೨೦೧೮ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ ೨೩ರಂದು ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಯೋಜನೆ ರಾಂಚಿಯಲ್ಲಿ ಉದ್ಘಾಟನೆಯಾಯಿತು. ಅಕ್ಟೋಬರಿನಲ್ಲಿ ಎರಡನ್ನೂ ನಮ್ಮ ರಾಜ್ಯದಲ್ಲಿ ಒಂದುಗೂಡಿಸಿದರು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಉಚಿತ. ಎ.ಪಿ.ಎಲ್. ಕುಟುಂಬವಾದರೆ ನಿಗದಿಯಾದ ದರದ ಶೇಕಡಾ ೩೦ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಸರ್ಕಾರ ಭರಿಸುತ್ತದೆ. ಇದಕ್ಕೆ ಕಂತು ಕಟ್ಟಬೇಕಾಗಿಲ್ಲ. ಹಣ ತೆರಿಗೆಯಿಂದ ಬರುತ್ತದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಆಸ್ಪತ್ರೆಗೆ ನೇರವಾಗಿ ಸಲ್ಲುತ್ತದೆ. ಕಂತೂ ಇಲ್ಲದ, ಕಂಪನಿಯೂ ಇಲ್ಲದ ಈ ಏರ್ಪಾಡನ್ನು ವಿಮೆಯೆಂದು ಕರೆಯಬಹುದೇ ಎಂದು ತರಗತಿಯಲ್ಲಿ ಒಂದು ಚರ್ಚೆಯೇ ನಡೆಯಿತು. ಕರೆಯಬಾರದೆಂದು ವಾದಿಸಿದವರದೇ ಮೇಲುಗೈಯಾಯಿತು. ಹೆಸರು ಏನಾದರೂ ಇರಲಿ, ಅದರ ಬಾಗಿಲು ಎಲ್ಲಿದೆಯೆಂಬುದು ಮುಖ್ಯ. ಆ ಬಾಗಿಲು ಸರ್ಕಾರಿ ಆಸ್ಪತ್ರೆಯಲ್ಲಿದೆ. ಮೊದಲು ಅಲ್ಲಿಗೆ ಹೋಗಬೇಕು. ಅಲ್ಲಿ ಆಗುವ ಚಿಕಿತ್ಸೆ ಅಲ್ಲಿಯೇ. ಆಗದಿದ್ದರೆ ಅಲ್ಲಿನ ವೈದ್ಯರು ಕೊಡುವ ಶಿಫಾರಸು ಪತ್ರದೊಡನೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ. ಪ್ರಾಣಾಪಾಯದ ತುರ್ತು ಸಂದರ್ಭಗಳಿಗೆ ಮಾತ್ರ ಈ ಪತ್ರದ ಅಗತ್ಯವಿಲ್ಲ.

೨೦೨೩ರ ಶ್ರಾವಣದಲ್ಲಿ ಅಪ್ಪನಿಗೆ ಹೊಟ್ಟೆನೋವು ಬಂತು. ಊಟವಾದ ಮೇಲೆ ಬಲಪಕ್ಕೆಯಲ್ಲಿ ಕಿತ್ತು ತೆಗೆದಂತಾಗುತ್ತಿತ್ತು. ಪರೀಕ್ಷೆ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದೂ, ಗಾಬರಿಯಿಲ್ಲ, ಹದಿನೈದು ದಿನದೊಳಗೆ ಆಪರೇಷನ್ ಮಾಡಿಸಬೇಕೆಂದೂ ಹೇಳಿದರು. ಹದಿನೈದು ದಿನ! ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರಲು ನಮ್ಮ ಊರಿನಿಂದ ಒಂದು ಬೆಳಗು ಸಾಕು. ನಾವು ಹೋಗಲಿಲ್ಲ. ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ, ಯಾರೋ ಚೆನ್ನಾಗಿ ನೋಡುತ್ತಾರೆಂದರೆಂದು, ನೇರವಾಗಿ ಸೇರಿಸಿದೆವು. ಕಾರ್ಡನ್ನು ನಾನು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಬಿಲ್ಲು ಕಟ್ಟುವ ಕಿಟಕಿಯಲ್ಲಿ ಅದನ್ನು ಕೊಟ್ಟಾಗ ಅಲ್ಲಿದ್ದವರು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು. "ನಮ್ಮದು ಈ ಯೋಜನೆಯಲ್ಲಿಲ್ಲಮ್ಮ. ಇದ್ದಿದ್ದರೂ ಸರ್ಕಾರಿ ಆಸ್ಪತ್ರೆಯ ಪತ್ರ ಬೇಕಾಗಿತ್ತು" ಎಂದರು. ಅವರು ಒರಟಾಗಿ ಮಾತನಾಡಲಿಲ್ಲ; ನಿಯಮವನ್ನು ಹೇಳಿದರು.

ಬಿಲ್ಲು ೬೨,೦೦೦ ರೂಪಾಯಿ ಆಗಿತ್ತು. ಅವ್ವನ ಓಲೆ ಮತ್ತು ಎರಡೆಳೆ ಸರ ಬ್ಯಾಂಕಿಗೆ ಹೋದವು. ಉಳಿದುದನ್ನು ಅಪ್ಪ ಬಡ್ಡಿಗೆ ತಂದರು. ಕಾರ್ಡು ನಾಲ್ಕು ವರ್ಷದಿಂದ ನಮ್ಮ ಟ್ರಂಕಿನಲ್ಲಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಪಂಚಾಯತಿಯಿಂದ ಬಂದ ಕಾಗದವೆಲ್ಲ ಮೊದಲು ನನ್ನ ಕೈಗೇ ಬರುತ್ತದೆ. ಆ ಕಾರ್ಡಿನ ನಿಯಮವೇನೆಂದು ಯಾರನ್ನಾದರೂ ಕೇಳಬೇಕೆಂಬುದು ನನಗೆ ತೋಚಿರಲಿಲ್ಲ. ಅದೇ ಸಮಯದಲ್ಲಿ ಅಕ್ಕನ ಇ.ಎಸ್.ಐ. ಪಟ್ಟಿಯಲ್ಲಿ ಅಪ್ಪ ಅವ್ವನ ಹೆಸರಿನ ಜಾಗ ಖಾಲಿಯಿತ್ತೆಂಬುದು ಆಮೇಲೆ ತಿಳಿಯಿತು. ಎರಡು ಬಾಗಿಲುಗಳ ನಡುವೆ ನಾವು ಗೋಡೆಗೆ ತಲೆ ಹೊಡೆದುಕೊಂಡಿದ್ದೆವು. ಅಪ್ಪ ಇದುವರೆಗೂ ನನಗೆ ಒಂದು ಮಾತು ಅಂದಿಲ್ಲ.

ನಾಲ್ಕನೆಯದು ಸೋದರಮಾವನದು. ಮಾವ ತಾಲ್ಲೂಕಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ, ಎ.ಪಿ.ಎಲ್. ಚೀಟಿಯವರು. ಅವರು ಹಣ ಕೊಟ್ಟು ಕಂಪನಿಯಿಂದ ಪಾಲಿಸಿ ಕೊಂಡಿದ್ದಾರೆ. ನಮ್ಮ ದೇಶದಲ್ಲಿ ಈ ಬಗೆ ಮೆಡಿಕ್ಲೇಮ್ ಎಂಬ ಹೆಸರಿನಿಂದ ೧೯೮೬ರಲ್ಲಿ ಸರ್ಕಾರಿ ವಿಮಾ ಕಂಪನಿಗಳ ಮೂಲಕ ಬಳಕೆಗೆ ಬಂತು. ೧೯೯೯ರ ಕಾಯಿದೆಯ ನಂತರ ಖಾಸಗಿ ಕಂಪನಿಗಳೂ ಬಂದವು. ಒಬ್ಬೊಬ್ಬರ ಹೆಸರಿನಲ್ಲಿ ಬೇರೆಬೇರೆ ಮೊತ್ತಕ್ಕೆ ಕೊಳ್ಳಬಹುದು. ಇಲ್ಲವೆ ಇಡೀ ಸಂಸಾರಕ್ಕೆ ಒಂದೇ ಮೊತ್ತವೆಂದು ಫ್ಯಾಮಿಲಿ ಫ್ಲೋಟರ್ ಕೊಳ್ಳಬಹುದು. ಎರಡನೆಯದು ಒಂದೇ ಹಂಡೆಯ ನೀರಿನಂತೆ; ಮೊದಲು ಸ್ನಾನಕ್ಕೆ ಹೋದವನು ಎಲ್ಲವನ್ನೂ ಸುರಿದುಕೊಂಡರೆ ಹಿಂದಿನವರಿಗೆ ಇಲ್ಲ. ಎಲ್ಲರೂ ಎಳೆಯರಾಗಿರುವ ಮನೆಗೆ ಅದು ಅಗ್ಗ. ವಯಸ್ಸಾದವರನ್ನು ಅದರಲ್ಲಿ ಸೇರಿಸಿದರೆ ಹಿರಿಯರ ವಯಸ್ಸನ್ನು ನೋಡಿ ಕಂತು ಏರುತ್ತದೆ. ಕಂಪನಿಯ ನೌಕರರಿಗೆ ಸಾಮೂಹಿಕ ವಿಮೆಯೆಂಬುದುಂಟು. ಅದು ಸಾಮಾನ್ಯವಾಗಿ ನೌಕರಿ ಹೋದ ದಿನವೇ ಹೋಗುತ್ತದೆ. ಕ್ಯಾನ್ಸರ್, ಹೃದಯಾಘಾತಗಳಂಥ ಗೊತ್ತಾದ ರೋಗ ಬಂದರೆ ಬಿಲ್ಲನ್ನೇ ಕೇಳದೆ ಒಂದು ಗಂಟು ಕೊಡುವ ಪಾಲಿಸಿಗಳೂ, ಮೊದಲ ಕೆಲವು ಲಕ್ಷವನ್ನು ನಾವೇ ಭರಿಸಿದ ಮೇಲೆ ಉಳಿದುದನ್ನು ಕೊಡುವ ಟಾಪ್-ಅಪ್ ಪಾಲಿಸಿಗಳೂ ಇವೆ. ಇವು ನಮ್ಮಂಥವರ ಮನೆಗಳಿಗೆ ಸದ್ಯಕ್ಕೆ ದೂರವಾದುದರಿಂದ ಇಷ್ಟು ಹೇಳಿ ಮುಂದುವರಿಯುತ್ತೇನೆ.

ಮಾವನ ಪಾಲಿಸಿ ಮೂವತ್ತು ಪುಟಕ್ಕೂ ಹೆಚ್ಚಿತ್ತು, ಎಲ್ಲವೂ ಇಂಗ್ಲಿಷು. ಅಪ್ಪನ ಪ್ರಕರಣದ ನಂತರ ನಾನು ಯಾವ ಕಾಗದವನ್ನೂ ಓದದೆ ಬಿಡುವುದಿಲ್ಲವೆಂದು ಮನೆಯಲ್ಲಿ ಹೆಸರಾಗಿತ್ತು. ನಿಘಂಟು ಇಟ್ಟುಕೊಂಡು, ಎರಡು ಕಡೆ ಅಧ್ಯಾಪಕರ ಸಹಾಯ ಪಡೆದು, ನಾಲ್ಕು ದಿನ ಓದಿದೆ. ನಮಗೆ ದಕ್ಕಿದ ಮುಖ್ಯ ಸಂಗತಿಗಳಲ್ಲಿ ಒಂದು ಕೊಠಡಿಯ ಬಾಡಿಗೆ. ೨೦೨೦ರ ಏಪ್ರಿಲ್ ೧ರಿಂದ ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನಂತೆ ಬಂದ ಆರೋಗ್ಯ ಸಂಜೀವನಿ ಎಂಬ ಪಾಲಿಸಿಯಲ್ಲಿ ದಿನದ ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ ೨, ಹೆಚ್ಚೆಂದರೆ ೫,೦೦೦ ರೂಪಾಯಿ ಎಂದು ಮಿತಿಯಿತ್ತು. ಒಪ್ಪಿದ ಮೊತ್ತದಲ್ಲಿಯೂ ಶೇಕಡಾ ೫ರಷ್ಟನ್ನು ರೋಗಿಯೇ ಭರಿಸಬೇಕಾಗಿತ್ತು. ಈ ಬಗೆಯ ಮಿತಿಯ ಪರಿಣಾಮ ಒಂದು ಲೆಕ್ಕದಿಂದ ಸ್ಪಷ್ಟವಾದೀತು.

ಒಂದು ಲಕ್ಷದ ಪಾಲಿಸಿ ಇದೆಯೆಂದು ಇಟ್ಟುಕೊಳ್ಳೋಣ. ದಿನಕ್ಕೆ ೨,೦೦೦ ರೂಪಾಯಿ ಬಾಡಿಗೆಯ ಕೊಠಡಿಗೆ ಅವಕಾಶ. ರೋಗಿ ೪,೦೦೦ದ ಕೊಠಡಿ ಹಿಡಿದು ನಾಲ್ಕು ದಿನ ಇದ್ದಾನೆ. ಬಾಡಿಗೆ ೧೬,೦೦೦, ಶಸ್ತ್ರವೈದ್ಯರ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ವೆಚ್ಚ ೬೦,೦೦೦, ಔಷಧಿ ೨೦,೦೦೦, ಒಟ್ಟು ೯೬,೦೦೦. ಲಕ್ಷದೊಳಗೇ ಇದೆ, ಎಲ್ಲವೂ ಬರುತ್ತದೆ ಎಂದು ಅವನು ನಿಶ್ಚಿಂತೆಯಿಂದಿರುತ್ತಾನೆ. ಆದರೆ ಬಾಡಿಗೆಯಲ್ಲಿ ಬರುವುದು ೮,೦೦೦ ಮಾತ್ರ. ಅಷ್ಟಕ್ಕೇ ಮುಗಿಯಲಿಲ್ಲ. ಅರ್ಹತೆಗಿಂತ ಎರಡರಷ್ಟು ಬಾಡಿಗೆಯ ಕೊಠಡಿ ಹಿಡಿದುದರಿಂದ ವೈದ್ಯರ ವೆಚ್ಚವನ್ನೂ ಅದೇ ಪ್ರಮಾಣದಲ್ಲಿ ಇಳಿಸಿ ೩೦,೦೦೦ ಮಾತ್ರ ಕೊಡುತ್ತಾರೆ. ಔಷಧಿಯ ೨೦,೦೦೦ಕ್ಕೆ ಈ ಕಡಿತ ತಗಲುವುದಿಲ್ಲ. ಹೀಗೆ ೫೮,೦೦೦ ಆಯಿತು. ಅದರಲ್ಲಿ ಶೇಕಡಾ ೫ ಕಳೆದರೆ ೫೫,೧೦೦. ಉಳಿದ ೪೦,೯೦೦ ರೂಪಾಯಿ ಅವನ ಕೈಯಿಂದಲೇ. ೨,೦೦೦ದ ಕೊಠಡಿಯಲ್ಲಿ ಮಲಗಿದ್ದು, ಬೇರೆ ವೆಚ್ಚಗಳು ಅಷ್ಟೇ ಆಗಿದ್ದರೆ, ಬಿಲ್ಲು ೮೮,೦೦೦ ಆಗಿ, ಕೈಯಿಂದ ೪,೪೦೦ ಮಾತ್ರ ಹೋಗುತ್ತಿತ್ತು. ಈ ಲೆಕ್ಕವನ್ನು ಹಾಕಿ ತೋರಿಸಿದಾಗ ಮಾವ, "ಇದನ್ನು ಮಾರುವವನು ಹೇಳಲೇ ಇಲ್ಲವಲ್ಲೇ!" ಎಂದರು.

ಮಾರಿದವರು ಇನ್ನೊಂದು ಸಲಹೆ ಕೊಟ್ಟಿದ್ದರು. ಮಾವನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. "ಅದನ್ನೆಲ್ಲ ಬರೆಯುವುದು ಬೇಡ, ಕಂತು ಜಾಸ್ತಿಯಾಗುತ್ತದೆ" ಎಂದು ಅರ್ಜಿಯಲ್ಲಿ ಇಲ್ಲವೆಂದೇ ತುಂಬಿಸಿದ್ದರು. ವಿಮೆಯ ಕರಾರು ಪರಸ್ಪರ ನಂಬಿಕೆಯ ಮೇಲೆ ನಿಂತದ್ದು. ಮುಚ್ಚಿಟ್ಟ ರೋಗ ಮುಂದೆ ಹೊರಬಿದ್ದರೆ ಕಂಪನಿ ಕೈಬಿಡಬಹುದು. ಆ ಹೊತ್ತಿಗೆ ರೋಗಿ ಆಸ್ಪತ್ರೆಯ ಹಾಸಿಗೆಯ ಮೇಲಿರುತ್ತಾನೆ. ನಿಜವನ್ನೇ ಬರೆದರೆ ಆಗುವ ನಷ್ಟ ಅಷ್ಟೇನೂ ದೊಡ್ಡದಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು ೨೦೨೪ರ ಏಪ್ರಿಲಿನಲ್ಲಿ ನಾಲ್ಕು ವರ್ಷದಿಂದ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಸಿದರು. ಹೊಸ ಪಾಲಿಸಿಯಲ್ಲಿ ಅಪಘಾತವನ್ನುಳಿದು ಬೇರೆ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ ೩೦ ದಿನ ಏನೂ ಸಿಗುವುದಿಲ್ಲ. ಐದು ವರ್ಷ ಬಿಡದೆ ಕಂತು ಕಟ್ಟಿದ ಮೇಲೆ, ಮೋಸವೆಂದು ಸಿದ್ಧವಾದ ಹೊರತು, ಹಳೆಯದನ್ನು ಕೆದಕಿ ನಿರಾಕರಿಸುವಂತಿಲ್ಲ. ಪಾಲಿಸಿ ಕೈಸೇರಿದ ೩೦ ದಿನದೊಳಗೆ ಬೇಡವೆಂದು ಹಿಂದಿರುಗಿಸುವ ಅವಕಾಶವೂ ಇದೆ. ಮಾವನ ಪಾಲಿಸಿಗೆ ಆಗ ಹತ್ತೊಂಬತ್ತನೆಯ ದಿನ. ಅದನ್ನು ಹಿಂದಕ್ಕೆ ಕೊಟ್ಟು, ಸಕ್ಕರೆ ಕಾಯಿಲೆಯನ್ನು ಬರೆದು, ಹೊಸ ಅರ್ಜಿ ಹಾಕಿದೆವು. ಕಂತು ಹೆಚ್ಚಾಯಿತು, ಮಾವ ಗೊಣಗಿದರು. ೨೦೨೫ರ ಸೆಪ್ಟೆಂಬರ್ ೨೨ರಿಂದ ಇಂಥ ವೈಯಕ್ತಿಕ ಪಾಲಿಸಿಗಳ ಮೇಲೆ ಇದ್ದ ಶೇಕಡಾ ೧೮ರ ಜಿ.ಎಸ್.ಟಿ.ಯನ್ನು ತೆಗೆದುಹಾಕಿದ ಸುದ್ದಿ ಕೇಳಿ ಸ್ವಲ್ಪ ಸಮಾಧಾನವಾದರು. ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಕಂಪನಿಗೇ ಬರೆದು, ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನದೊಂದು ಆಕ್ಷೇಪಣೆಯಿದೆ. ಇ.ಎಸ್.ಐ. ಒಂದನ್ನು ಬಿಟ್ಟರೆ ಇವು ಯಾವುವೂ ಬಹುಮಟ್ಟಿಗೆ ಆರೋಗ್ಯದ ವಿಮೆಗಳಲ್ಲ, ಆಸ್ಪತ್ರೆಯ ವಿಮೆಗಳು. ನಮ್ಮ ಅಜ್ಜಿಗೆ ರಕ್ತದೊತ್ತಡದ ಮಾತ್ರೆ ಪ್ರತಿದಿನ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕಿದಾಗ ಸಿಕ್ಕಿತು. ಇಲ್ಲದಿದ್ದರೆ ಅಂಗಡಿಯಿಂದ ತರಬೇಕು. ಆ ಮಾತ್ರೆಗೆ ಐದು ಲಕ್ಷದ ಕಾರ್ಡಿನಿಂದ ಒಂದು ಪೈಸೆಯೂ ಬರುವುದಿಲ್ಲ. ಮಾತ್ರೆ ತಪ್ಪಿ ಪಾರ್ಶ್ವವಾಯು ಹೊಡೆದರೆ ಅದೇ ಕಾರ್ಡು ಲಕ್ಷಗಟ್ಟಲೆ ಖರ್ಚು ಮಾಡಲು ಸಿದ್ಧವಾಗಿದೆ. ಇದು ಯಾವ ಅರ್ಥಶಾಸ್ತ್ರವೋ ನನಗೆ ತಿಳಿಯದು. ಅಧ್ಯಾಪಕರು ಮುಂದಿನ ಸಂಚಿಕೆಯಲ್ಲಿ ಇದರ ಬಗ್ಗೆ ಬರೆದರೆ ಉಪಕಾರವಾದೀತು.

ಕಳೆದ ದೀಪಾವಳಿಗೆ ಅಕ್ಕ ಊರಿಗೆ ಬಂದಾಗ ಇಬ್ಬರೂ ಕೂತು ಅವಳ ಇ.ಎಸ್.ಐ. ಪಟ್ಟಿಯಲ್ಲಿ ಅಪ್ಪ ಅವ್ವನ ಹೆಸರು ಸೇರಿಸಲು ಬೇಕಾದ ಕಾಗದಗಳನ್ನು ಜೋಡಿಸಿದೆವು. ಟ್ರಂಕಿನ ಮುಚ್ಚಳದ ಒಳಗಡೆ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ತಾಲ್ಲೂಕು ಆಸ್ಪತ್ರೆಯ ಹೆಸರು, ನಮ್ಮ ಜಿಲ್ಲೆಯಲ್ಲಿ ಯೋಜನೆಗೆ ಸೇರಿದ ಆಸ್ಪತ್ರೆಗಳ ಹೆಸರು, ಅಲ್ಲಿ ವಿಚಾರಿಸಬೇಕಾದವರನ್ನು ಆರೋಗ್ಯಮಿತ್ರರೆಂದು ಕರೆಯುತ್ತಾರೆಂಬುದು, ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಅಪ್ಪ ಅದನ್ನು ಓದಲಾರರು. ಆದರೆ ಬಂದವರಿಗೆಲ್ಲ ಟ್ರಂಕು ತೆರೆದು ತೋರಿಸುತ್ತಾರೆ. ಪಕ್ಕದ ಮನೆಯವರು ಎರಡು ಪ್ರತಿ ಬರೆಸಿಕೊಂಡು ಹೋದರು. ಅವ್ವನ ಸರ ಈ ಸುಗ್ಗಿಗೆ ಮನೆಗೆ ಬಂದಿದೆ. ಓಲೆಯನ್ನು ಇನ್ನೂ ಬಿಡಿಸಬೇಕಾಗಿದೆ.